ಆರಂಭಶೂರತನಕ್ಕೆ ಮದ್ದೇನು? ನಿತ್ಯಾಭ್ಯಾಸದ ಪ್ರಶ್ನೋತ್ತರ

ದೇಹ, ಮನಸ್ಸು, ಅಂತರಂಗ ಮೂರನ್ನೂ ಸುಸ್ಥಿತಿಯಲ್ಲಿಡಲು ದಿನಾ ಮಾಡುವ ಅಭ್ಯಾಸಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಓದುಗರನ್ನು ಕೇಳಿದ್ದೆವು. ಒಂದೇ ಅರ್ಥದ ಪತ್ರಗಳನ್ನು ಕೂಡಿಸಿ, ಹೆಸರು ಕೈಬಿಟ್ಟು ಇಲ್ಲಿ ಉತ್ತರಿಸಿದ್ದೇವೆ. ಹೃದಯದ ತೊಂದರೆ, ರಕ್ತದೊತ್ತಡ, ಮೂರ್ಛೆರೋಗ ಇರುವವರು ಮತ್ತು ಗರ್ಭಿಣಿಯರು ಉಸಿರಾಟದ ಅಭ್ಯಾಸಕ್ಕೆ, ತಣ್ಣೀರಿಗೆ ಇಳಿಯುವ ಮುನ್ನ ತಮ್ಮ ವೈದ್ಯರನ್ನು ಒಂದು ಮಾತು ಕೇಳಲಿ.

ಪ್ರಶ್ನೆ: ಬೆಳಿಗ್ಗೆ ಐದಕ್ಕೇ ಎದ್ದು ಆಸನ, ಧ್ಯಾನ, ಓದು, ಡೈರಿ ಎಲ್ಲವನ್ನೂ ಶುರು ಮಾಡುತ್ತೇನೆ. ಮೂರನೇ ವಾರಕ್ಕೆ ಎಲ್ಲವೂ ಬಂದ್. 21 ದಿನ ಬಿಡದೆ ಮಾಡಿದರೆ ಯಾವುದೂ ರೂಢಿಯಾಗುತ್ತದೆ ಅನ್ನುತ್ತಾರಲ್ಲ, ನನಗೇಕೆ ಆಗುತ್ತಿಲ್ಲ?

ಉತ್ತರ: ಮೊದಲು ಆ 21ರ ಲೆಕ್ಕವನ್ನು ತಲೆಯಿಂದ ತೆಗೆದುಹಾಕಿ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್, ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ ಸುಮಾರು 21 ದಿನ ಬೇಕು ಎಂದು 1960ರಲ್ಲಿ ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುತ್ತ ‘ಕನಿಷ್ಠ’ ಉದುರಿಹೋಯಿತು, ಮುಖದ ವಿಷಯವೂ ಉದುರಿಹೋಯಿತು, 21 ಮಾತ್ರ ಉಳಿಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದಾಗ, ಅಭ್ಯಾಸ ತಾನಾಗಿ ನಡೆಯುವ ಹಂತಕ್ಕೆ ಬರಲು ಸರಾಸರಿ 66 ದಿನ ಬೇಕೆಂಬ ಅಂದಾಜು ಸಿಕ್ಕಿತು. ವ್ಯತ್ಯಾಸವೂ ಅಷ್ಟೇ ದೊಡ್ಡದು: ಕೆಲವರಿಗೆ 18, ಕೆಲವರಿಗೆ 254. ಒಂದು ಲೋಟ ನೀರು ಕುಡಿಯುವಂಥದ್ದು ಬೇಗ ಹತ್ತುತ್ತದೆ, ವ್ಯಾಯಾಮ ನಿಧಾನ. ಮೂರನೇ ವಾರದಲ್ಲಿ ಕಷ್ಟ ಅನ್ನಿಸುವುದು ಸೋಲಲ್ಲ, ಆಗ ಹೆಚ್ಚಿನವರು ಇನ್ನೂ ಅರ್ಧದಾರಿಯನ್ನೂ ಮುಟ್ಟಿರುವುದಿಲ್ಲ. ನಡುವೆ ಒಂದು ದಿನ ತಪ್ಪಿದ್ದರಿಂದ ಗಳಿಸಿದ್ದು ಹಾಳಾಗಲಿಲ್ಲ ಎನ್ನುವುದೂ ಅದೇ ಅಧ್ಯಯನದಲ್ಲಿ ಕಂಡಿತು.

ನಿಮ್ಮ ತಪ್ಪು ಇಚ್ಛಾಶಕ್ತಿಯದ್ದಲ್ಲ, ಜೋಡಣೆಯದ್ದು. ನಾಲ್ಕು ಅಭ್ಯಾಸಗಳನ್ನು ಒಟ್ಟಿಗೆ ಹೊತ್ತುಕೊಂಡಿದ್ದೀರಿ. ಒಂದನ್ನೇ ಆರಿಸಿ, ಅದನ್ನು ಈಗಾಗಲೇ ದಿನಾ ನಡೆಯುವ ಕೆಲಸವೊಂದಕ್ಕೆ ಗಂಟು ಹಾಕಿ. ಆ ಕೆಲಸಕ್ಕೆ ಖಚಿತವಾದ ಕೊನೆ ಇರಬೇಕು. ‘ಎದ್ದ ಮೇಲೆ ಧ್ಯಾನ’ ಅಂದರೆ ಯಾವಾಗ? ಹಾಸಿಗೆ ಬಿಟ್ಟಾಗಲೋ, ಮೊಬೈಲು ನೋಡಿ ಮುಗಿದಾಗಲೋ? ‘ಹಲ್ಲುಜ್ಜಿ ಬ್ರಷ್ಷನ್ನು ಅದರ ಜಾಗದಲ್ಲಿಟ್ಟ ಕೂಡಲೇ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ’ ಅಂದರೆ ಅನುಮಾನಕ್ಕೆ ಜಾಗವಿಲ್ಲ. ಕುರ್ಚಿಯ ಮೇಲಿನ ಬಟ್ಟೆಯ ರಾಶಿಯನ್ನು ಹಿಂದಿನ ರಾತ್ರಿಯೇ ತೆಗೆದಿಡಿ. ಎಷ್ಟೋ ಅಭ್ಯಾಸಗಳು ನಿಲ್ಲುವುದು ಇಂಥ ಅರ್ಧ ನಿಮಿಷದ ಅಡ್ಡಿಗಳಿಂದಲೇ.

ಪ್ರತಿ ಅಭ್ಯಾಸಕ್ಕೂ ಎರಡು ಅಳತೆ ಇಟ್ಟುಕೊಳ್ಳಿ. ಪೂರ್ತಿ ಅಳತೆ ಹತ್ತು ನಿಮಿಷದ ಧ್ಯಾನವಾದರೆ, ಕಿರು ಅಳತೆ ಹತ್ತು ಉಸಿರು. ನೆಂಟರು ಬಂದ ದಿನ, ನಿದ್ದೆಗೆಟ್ಟ ದಿನ ಕಿರು ಅಳತೆಗೇ ಪೂರ್ತಿ ಅಂಕ. ಎರಡನೇ ಅಭ್ಯಾಸ ಸೇರಿಸಲು ಯಾವಾಗ ಸಕಾಲ? ಮೊದಲನೆಯದನ್ನು ಮಾಡದಿದ್ದರೆ ಏನೋ ಮರೆತಂತೆ ಕಸಿವಿಸಿಯಾಗಲು ಶುರುವಾದಾಗ.

ಐದಕ್ಕೆ ಏಳುವ ವಿಷಯ: ಏಳಕ್ಕೆ ಏಳುತ್ತಿದ್ದವರು ನಾಳೆಯಿಂದ ಐದಕ್ಕೆ ಎಂದರೆ ದೇಹ ಒಪ್ಪದು. ಮೂರು–ನಾಲ್ಕು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ಸರಿಸಿ, ಮಲಗುವ ಹೊತ್ತನ್ನೂ ಅಷ್ಟೇ ಹಿಂದಕ್ಕೆ ತನ್ನಿ. ವಯಸ್ಕರಿಗೆ ಏಳು ಗಂಟೆಯಾದರೂ ನಿದ್ದೆ ಬೇಕು. ಹನ್ನೆರಡಕ್ಕೆ ಮಲಗಿ ಐದಕ್ಕೆ ಏಳುವುದು ಶಿಸ್ತಲ್ಲ, ಸಾಲ.

ಪ್ರಶ್ನೆ: ಎದ್ದ ಮೊದಲ ಒಂದು ಗಂಟೆಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ?

ಉತ್ತರ: ಬೆಳಕು ಮೊದಲು. ನಿದ್ದೆ–ಎಚ್ಚರ ನಡೆಸುವ ನಮ್ಮ ಒಳಗಡಿಯಾರದ ಒಂದು ದಿನ 24 ಗಂಟೆಗಿಂತ ತುಸು ಉದ್ದ. ಅದನ್ನು ದಿನಾ ಸರಿಪಡಿಸುವುದು ಕಣ್ಣಿಗೆ ಬೀಳುವ ಬೆಳಗಿನ ಬೆಳಕು. ಕಣ್ಣಿನ ಅಕ್ಷಿಪಟದಲ್ಲಿ ನೋಟಕ್ಕೆಂದಲ್ಲದೆ ಮುಖ್ಯವಾಗಿ ಈ ಕೆಲಸಕ್ಕೇ ಇರುವ ಕೋಶಗಳಿವೆ. ಅವು ನೀಲಿ ಛಾಯೆಗೆ, ಸುಮಾರು 480 ನ್ಯಾನೋಮೀಟರ್ ಆಸುಪಾಸಿನ ಬೆಳಕಿಗೆ, ಹೆಚ್ಚು ಸ್ಪಂದಿಸುತ್ತವೆ. ಜೀವಕೋಶದೊಳಗೆ ಈ ಗಡಿಯಾರ ಹೇಗೆ ಓಡುತ್ತದೆ ಎಂಬುದನ್ನು ಬಿಡಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್, ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಬಂತು.

ಮನೆಯೊಳಗಿನ ದೀಪದ ಬೆಳಕು ಸಾಮಾನ್ಯವಾಗಿ 100ರಿಂದ 500 ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ). ಮೋಡ ಕವಿದ ದಿನವೂ ಹೊರಗೆ ಸಾವಿರಗಟ್ಟಲೆ ಲಕ್ಸ್ ಇರುತ್ತದೆ. ನಮ್ಮ ಕಣ್ಣು ಬೇಗ ಹೊಂದಿಕೊಳ್ಳುವುದರಿಂದ ಈ ಅಂತರ ಗೊತ್ತಾಗುವುದಿಲ್ಲ, ಒಳಗೂ ‘ಚೆನ್ನಾಗಿ ಬೆಳಕಿದೆ’ ಅನ್ನಿಸುತ್ತದೆ. ಹಾಗಾಗಿ ಎದ್ದ ಒಂದು ಗಂಟೆಯೊಳಗೆ ಹೊರಗೆ ಹೋಗಿ. ಬಿಸಿಲಿದ್ದರೆ ಹತ್ತು ನಿಮಿಷ, ಮೋಡವಿದ್ದರೆ ಇಪ್ಪತ್ತು. ತಂಪು ಕನ್ನಡಕ ಬೇಡ. ಸೂರ್ಯನನ್ನು ನೇರ ದಿಟ್ಟಿಸುವುದಂತೂ ಬೇಡವೇ ಬೇಡ, ಆಕಾಶದ ಕಡೆ ಮುಖವಿದ್ದರೆ ಸಾಕು. ಕಿಟಕಿ ಗಾಜಿನ ಹಿಂದೆ ನಿಂತರೆ ಬೆಳಕು ಬಹಳಷ್ಟು ಕಡಿಮೆಯಾಗುತ್ತದೆ. ಬೇರೆ ದಾರಿಯಿಲ್ಲದಿದ್ದರೆ ಕಿಟಕಿಗೆ ಆದಷ್ಟು ಹತ್ತಿರ, ಹೆಚ್ಚು ಹೊತ್ತು.

ನೀರು, ಶೌಚ, ಹಲ್ಲು ಇವುಗಳ ಹಿಂದುಮುಂದು ನಿಮ್ಮ ಅನುಕೂಲ. ಆಸನ, ವ್ಯಾಯಾಮ ಬೆಳಕಿನ ನಂತರ: ಎದ್ದ ಮೊದಲ 15ರಿಂದ 30 ನಿಮಿಷ ಮಿದುಳು ಮಂಪರಿನಲ್ಲಿರುತ್ತದೆ, ಕೀಲುಗಳೂ ಬಿಗಿ. ಮುಂದಕ್ಕೆ ಆಳವಾಗಿ ಬಾಗುವ ಭಂಗಿಗಳನ್ನು ಹಾಸಿಗೆಯಿಂದೆದ್ದ ಕೂಡಲೇ ಮಾಡಬೇಡಿ. ರಾತ್ರಿಯಿಡೀ ಮಲಗಿದ್ದಾಗ ಬೆನ್ನುಮೂಳೆಯ ಬಿಲ್ಲೆಗಳು ನೀರು ಹೀರಿ ಉಬ್ಬಿರುತ್ತವೆ, ಬಾಗಿದಾಗ ಅವುಗಳ ಮೇಲಿನ ಒತ್ತಡ ಆಗ ಜಾಸ್ತಿ. ಸೊಂಟನೋವು ಇರುವವರಿಗೆ ಇದು ತುಂಬ ಮುಖ್ಯ. ಮೊದಲು ನಡೆಯಿರಿ, ಕೈಕಾಲು ಬೀಸಿ, ಅರ್ಧ–ಮುಕ್ಕಾಲು ಗಂಟೆ ಬಿಟ್ಟು ಬಾಗಿ. ಮಂಪರಿನ ಆ ಅರ್ಧ ಗಂಟೆಯಲ್ಲಿ ‘ಇವತ್ತು ನನ್ನ ಮನಸ್ಸು ಸರಿಯಿಲ್ಲ’ ಎಂಬ ತೀರ್ಮಾನಕ್ಕೂ ಬರಬೇಡಿ.

ಪ್ರಶ್ನೆ: ನನ್ನದು ರಾತ್ರಿ ಪಾಳಿ. ನನ್ನ ಬೆಳಗು ಯಾವುದು?

ಉತ್ತರ: ನೀವು ಎದ್ದದ್ದೇ ಬೆಳಗು. ಪಾಳಿಯ ಮೊದಲರ್ಧದಲ್ಲಿ ಪ್ರಖರ ಬೆಳಕಿನಲ್ಲಿರಿ, ಮನೆಗೆ ಹೋಗುವಾಗ ತಂಪು ಕನ್ನಡಕ ಹಾಕಿ. ಆದರೆ ಗಾಡಿ ಓಡಿಸುವಾಗ ಅದು ತೂಕಡಿಕೆ ತರಿಸುವಂತಿದ್ದರೆ ಬೇಡ, ಪ್ರಾಣ ಮುಖ್ಯ. ಕೋಣೆ ಕೈ ಚಾಚಿದರೆ ಕಾಣದಷ್ಟು ಕತ್ತಲಿರಲಿ. ರಜೆಯ ದಿನವೂ ಪಾಳಿಯ ದಿನವೂ ತಪ್ಪದೆ ನಿದ್ದೆಯಲ್ಲಿರುವ ನಾಲ್ಕು ಗಂಟೆಯ ಒಂದು ತುಂಡನ್ನು ಕಾಯ್ದಿಟ್ಟುಕೊಳ್ಳಿ. ಉದಾಹರಣೆಗೆ ಬೆಳಿಗ್ಗೆ ಎಂಟರಿಂದ ಹನ್ನೆರಡು. ಉಳಿದ ನಿದ್ದೆಯನ್ನು ಅದರ ಹಿಂದೆಯೋ ಮುಂದೆಯೋ ಸೇರಿಸಿ.

ಪ್ರಶ್ನೆ: ಧ್ಯಾನಕ್ಕೆ ಕೂತ ಐದು ನಿಮಿಷಕ್ಕೆ ಕಾಲು ಜೋಮು ಹಿಡಿಯುತ್ತದೆ, ಬೆನ್ನು ಕುಸಿಯುತ್ತದೆ. ಮನಸ್ಸಂತೂ ಒಂದು ಕ್ಷಣ ನಿಲ್ಲುವುದಿಲ್ಲ. ನನಗೆ ಧ್ಯಾನ ಒಗ್ಗುವುದಿಲ್ಲವೇ?

ಉತ್ತರ: ಮೊದಲು ಕೂರುವುದನ್ನು ಸರಿಮಾಡೋಣ, ಮನಸ್ಸಿನ ವಿಷಯ ಆಮೇಲೆ. ನೆಲದ ಮೇಲೆ ಸಮತಟ್ಟಾಗಿ ಚಕ್ಕಳಮಕ್ಕಳ ಹಾಕಿದರೆ ಹೆಚ್ಚಿನವರ ಮೊಣಕಾಲು ಸೊಂಟಕ್ಕಿಂತ ಮೇಲಿರುತ್ತದೆ. ಆಗ ಸೊಂಟ ಹಿಂದಕ್ಕೆ ವಾಲುತ್ತದೆ, ಬೆನ್ನು ಗೂನಾಗುತ್ತದೆ, ಅದನ್ನು ನೆಟ್ಟಗಿಡಲು ಸ್ನಾಯುಗಳು ದುಡಿದು ದಣಿಯುತ್ತವೆ. ಕಂಬಳಿಯನ್ನು ಗಟ್ಟಿಯಾಗಿ ಮಡಚಿ 10ರಿಂದ 15 ಸೆಂಟಿಮೀಟರ್ ಎತ್ತರ ಮಾಡಿ. ಮೆತ್ತನೆಯ ತಲೆದಿಂಬು ಕೂತೊಡನೆ ಕುಸಿಯುವುದರಿಂದ ಪ್ರಯೋಜನವಿಲ್ಲ. ಅದರ ಮಧ್ಯಕ್ಕಲ್ಲ, ಮುಂದಿನ ಅಂಚಿಗೆ ಕೂರಿ. ಈಗ ಸೊಂಟ ತಾನಾಗಿ ಮುಂದಕ್ಕೆ ವಾಲಿ ಮೊಣಕಾಲು ನೆಲದತ್ತ ಇಳಿಯುತ್ತದೆ. ಇಳಿಯದೆ ಗಾಳಿಯಲ್ಲಿ ತೂಗುತ್ತಿದ್ದರೆ ಅದರ ಕೆಳಗೆ ಸುತ್ತಿದ ಟವೆಲ್ ಇಡಿ. ಕೈಗಳನ್ನು ಮೊಣಕಾಲಿನ ತುದಿಯವರೆಗೆ ಚಾಚಬೇಡಿ, ಭುಜ ಮುಂದಕ್ಕೆ ಜಗ್ಗುತ್ತದೆ. ತೊಡೆಯ ನಡುವಿನಲ್ಲಿ ಸಾಕು.

ಜೋಮು ಹಿಡಿಯುವುದು ಬಹುಪಾಲು ನರ ಒತ್ತಿಹೋಗುವುದರಿಂದ. ಮೊಣಕಾಲಿನ ಹೊರಬದಿಯಲ್ಲಿ ಒಂದು ನರ ಚರ್ಮಕ್ಕೆ ತೀರ ಹತ್ತಿರ ಹಾದುಹೋಗುತ್ತದೆ, ಒಂದು ಕಾಲಿನ ಮೇಲೆ ಇನ್ನೊಂದು ಹೇರಿದಾಗ ಅದು ಸಿಕ್ಕಿಕೊಳ್ಳುತ್ತದೆ. ಕಾಲುಗಳನ್ನು ಒಂದರ ಮೇಲೊಂದು ಹೇರದೆ, ಒಂದರ ಮುಂದೊಂದು ನೆಲದ ಮೇಲೇ ಇಡಿ. ಎದ್ದು ಕೆಲವು ನಿಮಿಷವಾದರೂ ಜೋಮು ಹೋಗದಿದ್ದರೆ, ಅಥವಾ ನಡೆಯುವಾಗ ಪಾದದ ಮುಂಭಾಗ ಎತ್ತಲಾಗದೆ ಜಾರಿದರೆ ಆ ಭಂಗಿ ಬಿಡಿ, ವೈದ್ಯರಿಗೆ ತೋರಿಸಿ. ಕುರ್ಚಿಯಲ್ಲಿ ಕೂತರೆ ಧ್ಯಾನದ ಬೆಲೆಯೇನೂ ಇಳಿಯದು. ಪಾದ ನೆಲಕ್ಕೆ ಪೂರ್ತಿ ಊರಿರಲಿ, ಬೆನ್ನು ಒರಗದಿರಲಿ.

ಇನ್ನು ಮನಸ್ಸು. ಅದು ಓಡುವುದು ಅದರ ಕೆಲಸ. ಓಡಿದ್ದನ್ನು ಗಮನಿಸಿ ಹಿಂದಕ್ಕೆ ತರುವುದು ನಿಮ್ಮ ಅಭ್ಯಾಸ. ಹತ್ತು ನಿಮಿಷದಲ್ಲಿ ಮೂವತ್ತು ಸಲ ತಂದರೆ ಮೂವತ್ತು ಸಲ ವ್ಯಾಯಾಮವಾದಂತೆಯೇ. ಉಸಿರು ಬಿಡುವಾಗ ಮಾತ್ರ ಒಂದು, ಎರಡು ಎಂದು ಮನಸ್ಸಿನಲ್ಲೇ ಎಣಿಸಿ, ಹತ್ತಕ್ಕೆ ಬಂದಾಗ ಮತ್ತೆ ಒಂದು. ಲೆಕ್ಕ ತಪ್ಪಿದರೆ ಒಂದರಿಂದ. ಎಚ್ಚರ ಬಂದಾಗ ಹದಿನೇಳರಲ್ಲಿದ್ದರೂ ಒಂದರಿಂದಲೇ, ಎಣಿಕೆ ಯಾಂತ್ರಿಕವಾಗಿ ಓಡಿದೆ ಎಂದು ಅರ್ಥ. ತೂಕಡಿಕೆ ಬಂದರೆ ಕಣ್ಣು ಅರ್ಧ ತೆರೆದು ಎರಡು ಮಾರು ಮುಂದಿನ ನೆಲ ನೋಡಿ, ಅದಕ್ಕೂ ಬಗ್ಗದಿದ್ದರೆ ಎದ್ದು ನಿಂತೇ ಮಾಡಿ. ದಿನಾ ತೂಕಡಿಕೆಯಾದರೆ ನಿಮಗೆ ಬೇಕಿರುವುದು ಧ್ಯಾನವಲ್ಲ, ನಿದ್ದೆ.

ಕೆಲವರಿಗೆ ಕಣ್ಣು ಮುಚ್ಚಿ ಒಳಗೆ ನೋಡಿದಷ್ಟೂ ಗಾಬರಿ ಹೆಚ್ಚುತ್ತದೆ. ಅಂಥವರು ಹಟ ಹಿಡಿಯಬಾರದು. ಕಣ್ಣು ತೆರೆದು, ಅಂಗಾಲು ನೆಲಕ್ಕೆ ತಾಗುವುದನ್ನೋ ಹೊರಗಿನ ಸದ್ದನ್ನೋ ಗಮನಿಸುತ್ತ ನಿಧಾನ ನಡೆಯಿರಿ, ಎರಡೇ ನಿಮಿಷ. ಹಳೆಯ ಆಘಾತದ ನೆನಪುಗಳು ಎದ್ದುಬರುತ್ತಿದ್ದರೆ ಒಬ್ಬರೇ ಎದುರಿಸದೆ ಮನೋವೈದ್ಯರ ಅಥವಾ ಆಪ್ತಸಮಾಲೋಚಕರ ಜೊತೆ ಮಾತಾಡಿ.

ಪ್ರಶ್ನೆ: ನಾಡಿಶೋಧನ (ಹೊಳ್ಳೆ ಬದಲಿಸುತ್ತ ಉಸಿರಾಡುವ ಪ್ರಾಣಾಯಾಮ) ಮಾಡಿದಾಗ ತಲೆ ಸುತ್ತುತ್ತದೆ, ತುಟಿ ಜುಮ್ಮೆನ್ನುತ್ತದೆ. ಏನು ತಪ್ಪು?

ಉತ್ತರ: ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಎಳೆಯುತ್ತಿದ್ದೀರಿ. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದಾಗ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಅದಕ್ಕೇ ಸುತ್ತು. ತುಟಿ–ಬೆರಳುಗಳ ಜುಮ್ಮಿಗೂ ಇಂಗಾಲದ ಡೈಆಕ್ಸೈಡ್ ಇಳಿದದ್ದೇ ಮೂಲ. ‘ದೀರ್ಘ ಉಸಿರು’ ಎಂದರೆ ನಿಧಾನದ ಉಸಿರು. ಎದೆ ತುಂಬಿ ತುಳುಕುವಷ್ಟು ಎಳೆಯಬೇಕೆಂದಲ್ಲ.

ಬಲಗೈಯ ತೋರುಬೆರಳು, ನಡುಬೆರಳು ಮಡಚಿ. ಹೆಬ್ಬೆರಳು ಬಲ ಹೊಳ್ಳೆಗೆ, ಉಂಗುರಬೆರಳು ಎಡ ಹೊಳ್ಳೆಗೆ. ಮೂಗಿನ ಮೂಳೆ ಮುಗಿದು ಮೆತ್ತಗಾಗುವಲ್ಲಿ ಹಗುರವಾಗಿ ಒತ್ತಿದರೆ ಸಾಕು, ಮೂಗು ಸೊಟ್ಟಗಾಗುವಷ್ಟು ಬೇಡ. ಎಡದಿಂದ ನಾಲ್ಕು ಎಣಿಸುವಷ್ಟು ಒಳಗೆ, ಬಲದಿಂದ ಆರು ಎಣಿಸುವಷ್ಟು ಹೊರಗೆ. ಮತ್ತೆ ಬಲದಿಂದ ನಾಲ್ಕು ಒಳಗೆ, ಎಡದಿಂದ ಆರು ಹೊರಗೆ. ಇದು ಒಂದು ಸುತ್ತು, 20 ಸೆಕೆಂಡು. ಹದಿನೈದು ಸುತ್ತಿಗೆ ಐದು ನಿಮಿಷ. ನಿಮಿಷಕ್ಕೆ ಆರು ಉಸಿರಿನ ಈ ಗತಿಯಲ್ಲಿ ಹೃದಯ ಬಡಿತ ಉಸಿರಿನೊಂದಿಗೆ ಚೆನ್ನಾಗಿ ಏರಿಳಿಯುತ್ತದೆ. ಉಸಿರು ಬಿಡುವಾಗ ಬಡಿತ ಇಳಿಯುವುದರಿಂದಲೇ ಹೊರಗಿನ ಎಣಿಕೆ ದೊಡ್ಡದು. ಕೊನೆಯ ಎರಡು ಎಣಿಕೆಯಲ್ಲಿ ದಮ್ಮು ಕಟ್ಟಿದಂತಾದರೆ ಮೂರು–ನಾಲ್ಕಕ್ಕೆ ಇಳಿಸಿ.

ಒಂದು ಹೊಳ್ಳೆ ಕಟ್ಟಿದಂತಿದ್ದರೆ ಬಲವಂತ ಬೇಡ. ಹೊಳ್ಳೆಗಳು ಕೆಲವು ಗಂಟೆಗಳಿಗೊಮ್ಮೆ ಸರದಿಯ ಮೇಲೆ ತೆರೆದು ಬಿಗಿಯುವುದು ಸಹಜ. ಕುಂಭಕವನ್ನು, ಅಂದರೆ ಉಸಿರು ಹಿಡಿಯುವುದನ್ನು, ಪುಸ್ತಕ ನೋಡಿಯೋ ವಿಡಿಯೊ ನೋಡಿಯೋ ಸೇರಿಸಬೇಡಿ. ರಕ್ತದೊತ್ತಡ ಹೆಚ್ಚಿರುವವರಿಗೂ ಗರ್ಭಿಣಿಯರಿಗೂ ಅದು ಸಲ್ಲದು. ರಭಸದಿಂದ ಉಸಿರು ಹೊರದೂಡುವ ಕಪಾಲಭಾತಿಗೂ ಇದೇ ಮಾತು, ಹರ್ನಿಯಾ ಮತ್ತು ಮೂರ್ಛೆರೋಗ ಇರುವವರನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಿ.

ಪ್ರಶ್ನೆ: ಜಲನೇತಿ (ಉಪ್ಪುನೀರಿನಿಂದ ಮೂಗು ತೊಳೆಯುವುದು) ಮಾಡಿದರೆ ಮೂಗು ಉರಿಯುತ್ತದೆ. ನಲ್ಲಿ ನೀರನ್ನೇ ಬೆಚ್ಚಗೆ ಮಾಡಿ ಉಪ್ಪು ಹಾಕುತ್ತೇನೆ.

ಉತ್ತರ: ಇವತ್ತೇ ನಿಲ್ಲಿಸಿ. ಕುದಿಸದ ನೀರನ್ನು ಮೂಗಿಗೆ ಬಿಡಬಾರದು. ನೆಗ್ಲೇರಿಯಾ ಫೌಲರಿ ಎಂಬ ಅಮೀಬಾ ಕುಡಿದರೆ ಏನೂ ಮಾಡದು, ಮೂಗಿನಿಂದ ಹೋದರೆ ಮಿದುಳಿಗೆ ಏರುತ್ತದೆ. ಅಪರೂಪ, ಆದರೆ ಬಂದರೆ ಬದುಕುವವರು ತೀರ ಕಡಿಮೆ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ, ಸುಮಾರು 2000 ಮೀಟರ್‌ಗಿಂತ ಎತ್ತರದ ಜಾಗದಲ್ಲಿ ಮೂರು ನಿಮಿಷ ಕುದಿಸಿ, ಮುಚ್ಚಿಟ್ಟು ಮೈಬಿಸಿಗೆ ಆರಿಸಿ. ಡಿಸ್ಟಿಲ್ಡ್ ನೀರೂ ಆಗುತ್ತದೆ.

ಉರಿಗೆ ಕಾರಣ ಉಪ್ಪಿನ ಅಳತೆ. ಕಡಿಮೆಯಾದರೂ ಉರಿಯುತ್ತದೆ, ಹೆಚ್ಚಾದರೂ ಉರಿಯುತ್ತದೆ. ದೇಹದ ದ್ರವಕ್ಕೆ ಸಮನಾಗಲು ಲೀಟರಿಗೆ 9 ಗ್ರಾಂ ಬೇಕು. ಅರ್ಧ ಲೀಟರಿಗೆ ನಾಲ್ಕೂವರೆ ಗ್ರಾಂ, ಅಂದರೆ ಪುಡಿಉಪ್ಪು ಮುಕ್ಕಾಲು ಟೀ ಚಮಚ, ಅಂಚಿಗೆ ಸಮ ಮಾಡಿ. ಹರಳುಪ್ಪಾದರೆ ಚಮಚದ ಲೆಕ್ಕ ಹಿಡಿಯುವುದಿಲ್ಲ, ತೂಕ ಮಾಡಿ. ಅಯೋಡಿನ್ ಮತ್ತು ಉದುರಾಗಿರಲು ಬೆರೆಸುವ ಪುಡಿ ಇಲ್ಲದ ಉಪ್ಪು ಒಳ್ಳೆಯದು. ತಳದಲ್ಲಿ ಒಂದು ಹರಳೂ ಉಳಿಯದಂತೆ ಕರಗಿಸಿ.

ಸಿಂಕಿನ ಮೇಲೆ ಬಾಗಿ, ತಲೆಯನ್ನು ಪಕ್ಕಕ್ಕೆ ವಾಲಿಸಿ, ಬಾಯಲ್ಲಿ ಉಸಿರಾಡುತ್ತ ಮೇಲಿನ ಹೊಳ್ಳೆಗೆ ಬಿಡಿ. ನಡುವೆ ಮಾತಾಡಿದರೆ ಅಥವಾ ನುಂಗಿದರೆ ನೀರು ಗಂಟಲಿಗಿಳಿಯುತ್ತದೆ. ಮುಗಿದ ಮೇಲೆ ಮುಂದಕ್ಕೆ ಬಾಗಿ ಎರಡೂ ಹೊಳ್ಳೆ ತೆರೆದಿಟ್ಟೇ ಮೂಗಿನಿಂದ ಹಗುರವಾಗಿ ಗಾಳಿ ಊದಿ. ಒಂದನ್ನು ಮುಚ್ಚಿ ಜೋರಾಗಿ ಊದಿದರೆ ನೀರು ಕಿವಿಯ ಕಡೆ ನುಗ್ಗಬಹುದು. ಪಾತ್ರೆ ತೊಳೆದು ಪೂರ್ತಿ ಒಣಗಿಸಿ. ಕಿವಿನೋವಿದ್ದಾಗ, ಮೂಗು ಪೂರ್ತಿ ಕಟ್ಟಿದ್ದಾಗ, ಮೂಗಿನ ಶಸ್ತ್ರಚಿಕಿತ್ಸೆಯಾದ ಹೊಸತರಲ್ಲಿ ಬೇಡ. ಮೂಗಿಗೆ ಯಾವ ತೊಂದರೆಯೂ ಇಲ್ಲದವರು ದಿನಾ ಮಾಡುವ ಅಗತ್ಯ ನಮಗಂತೂ ಕಾಣುವುದಿಲ್ಲ.

ಪ್ರಶ್ನೆ: ದೇವರಲ್ಲಿ ನಂಬಿಕೆಯಿಲ್ಲ. ಆದರೂ ಒಳಗೆ ಏನೋ ಖಾಲಿ. ಜಪ, ಪ್ರಾರ್ಥನೆಯ ಬದಲು ಏನು ಮಾಡಲಿ?

ಉತ್ತರ: ಇಟಲಿಯ ವೈದ್ಯ ಲೂಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಲ್ಯಾಟಿನ್ ಭಾಷೆಯ ಮೇರಿ ಪ್ರಾರ್ಥನೆ, ‘ಓಂ ಮಣಿ ಪದ್ಮೇ ಹುಂ’ ಮಂತ್ರ, ಎರಡನ್ನೂ ಜನರಿಂದ ಹೇಳಿಸಿ ಉಸಿರನ್ನು ಅಳೆದರು. ಎರಡೂ ಉಸಿರನ್ನು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಸಿದವು. ಭಕ್ತಿಯ ಪ್ರಶ್ನೆಯನ್ನು ಇದು ಬಗೆಹರಿಸುವುದಿಲ್ಲ, ಆದರೆ ಜಪದ ಒಂದು ಪಾಲು ಉಸಿರಿನ ಕೆಲಸ ಎನ್ನುವುದು ಸ್ಪಷ್ಟ. ಹಾರ್ವರ್ಡಿನ ಹರ್ಬರ್ಟ್ ಬೆನ್ಸನ್ 1970ರ ದಶಕದಲ್ಲಿ ರೂಪಿಸಿದ ಕ್ರಮದಲ್ಲೂ ಇಷ್ಟೇ ಇದೆ: ಒಂದು ಪದ, ಅದನ್ನು ಉಸಿರು ಬಿಡುವಾಗಲೆಲ್ಲ ಮನಸ್ಸಿನಲ್ಲಿ ಹೇಳುವುದು, ಬೇರೆ ಯೋಚನೆ ಬಂದರೆ ‘ಇರಲಿ’ ಎಂದು ಪದಕ್ಕೆ ಮರಳುವುದು, 10ರಿಂದ 20 ನಿಮಿಷ. ಪದ ಚಿಕ್ಕದಿರಲಿ, ಹಳೆಯ ನೋವು ಕೆದಕದಿರಲಿ. ವಾರವಾರ ಪದ ಬದಲಿಸಬೇಡಿ.

ಖಾಲಿತನಕ್ಕೆ ಇದೊಂದೇ ಸಾಲದು. ದಿನಕ್ಕೊಮ್ಮೆ ಯಾರೋ ಒಬ್ಬರಿಗೆ ಉಪಯೋಗವಾಗುವ ಸಣ್ಣ ಕೆಲಸವೊಂದನ್ನು ಕ್ರಮದಲ್ಲಿ ಸೇರಿಸಿ ನೋಡಿ. ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿಯಿಲ್ಲ, ನಿದ್ದೆ–ಹಸಿವು ಕೆಟ್ಟಿದೆ ಎಂದಾದರೆ ಅದನ್ನು ಆತ್ಮದ ಹಸಿವೆಂದು ಕೂರಬೇಡಿ, ಖಿನ್ನತೆ ಇರಬಹುದು. ವೈದ್ಯರನ್ನು ಕಾಣಿ.

ಪ್ರಶ್ನೆ: ಹಾಸಿಗೆಗೆ ಬಿದ್ದ ಕೂಡಲೇ ನಾಳಿನ ಕೆಲಸಗಳೆಲ್ಲ ತಲೆಗೆ ನುಗ್ಗುತ್ತವೆ. ರಾತ್ರಿಗೊಂದು ಕ್ರಮ ಹೇಳಿ.

ಉತ್ತರ: ಮಧ್ಯಾಹ್ನದಿಂದಲೇ ಶುರು. ಕೆಫೀನು ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಐದಾರು ಗಂಟೆ ಬೇಕು. ಹತ್ತಕ್ಕೆ ಮಲಗುವವರಿಗೆ ಮಧ್ಯಾಹ್ನ ಎರಡು ಗಂಟೆಯೇ ಕಾಫಿ–ಟೀಯ ಗಡುವು. ‘ನನಗೆ ಕುಡಿದರೂ ನಿದ್ದೆ ಬರುತ್ತದೆ’ ಎನ್ನುವವರಿಗೂ ನಿದ್ದೆಯ ಆಳ ಕಡಿಮೆಯಾಗಿರುತ್ತದೆ.

ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು 40–42 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಹತ್ತು ನಿಮಿಷ ಸ್ನಾನ. ಕೈಕಾಲಿನ ಚರ್ಮಕ್ಕೆ ರಕ್ತ ಹರಿದು ಒಳಗಿನ ಕಾವು ಹೊರಬೀಳುತ್ತದೆ, ಮೈ ತಣ್ಣಗಾಗುವಾಗ ನಿದ್ದೆ ಹತ್ತುತ್ತದೆ. ಸ್ನಾನ ಮುಗಿಸಿ ನೇರ ಹಾಸಿಗೆಗೆ ಹೋದರೆ ಈ ಲಾಭ ಸಿಗದು, ಮೈ ಇನ್ನೂ ಬಿಸಿಯಿರುತ್ತದೆ.

ಆಮೇಲೆ ಕಾಗದ, ಪೆನ್ನು, ಐದು ನಿಮಿಷ. 2018ರಲ್ಲಿ ಪ್ರಕಟವಾದ ಮೈಕೆಲ್ ಸ್ಕಲಿನ್ ತಂಡದ ಪ್ರಯೋಗದಲ್ಲಿ, ಮಲಗುವ ಮುಂಚೆ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದವರು, ಮಾಡಿ ಮುಗಿಸಿದ್ದನ್ನು ಬರೆದವರಿಗಿಂತ ಬೇಗ ನಿದ್ದೆಹೋದರು. ಪಟ್ಟಿ ಬಿಡಿಬಿಡಿಯಾಗಿದ್ದಷ್ಟೂ ಒಳ್ಳೆಯದು. ‘ಬ್ಯಾಂಕ್ ಕೆಲಸ’ ಎಂದು ಬರೆದರೆ ಮನಸ್ಸು ಬಿಡುವುದಿಲ್ಲ. ‘ಹನ್ನೊಂದಕ್ಕೆ ಫೋನ್ ಮಾಡಿ ಯಾವ ದಾಖಲೆ ಬೇಕೆಂದು ಕೇಳುವುದು’ ಎಂದು ಬರೆದರೆ ಬಿಡುತ್ತದೆ. ಮೊಬೈಲಿನಲ್ಲಿ ಬರೆಯಬೇಡಿ, ಕೈ ಅಲ್ಲಿಂದ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ನಿಮಗೇ ಗೊತ್ತು.

ಸುಮಾರು 20 ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಇನ್ನೊಂದು ಕಡೆ, ಮಂದ ಬೆಳಕಿನಲ್ಲಿ ಕೂತು ಸಪ್ಪೆಯಾದುದನ್ನೇನಾದರೂ ಓದಿ, ಕಣ್ಣು ಎಳೆದಾಗ ಮರಳಿ. ಗಡಿಯಾರ ನೋಡಬೇಡಿ, 20 ನಿಮಿಷ ಅಂದಾಜು ಸಾಕು. ಎಷ್ಟೇ ತಡವಾಗಿ ನಿದ್ದೆ ಬಂದರೂ ಬೆಳಿಗ್ಗೆ ಏಳುವ ಹೊತ್ತು ಬದಲಾಗಬಾರದು. ಬಹಳ ಜನ ಎಡವುವುದು ಇಲ್ಲೇ.

ಪ್ರಶ್ನೆ: ತಣ್ಣೀರು ಸ್ನಾನದಿಂದ ಕಾಯಿಲೆ ಬರುವುದಿಲ್ಲವಂತೆ, ನಿಜವೇ?

ಉತ್ತರ: ಅಷ್ಟು ದೊಡ್ಡ ಮಾತು ಬೇಡ. ನೆದರ್‌ಲೆಂಡ್ಸ್‌ನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಿಸಿನೀರಿನ ಸ್ನಾನದ ಕೊನೆಗೆ 30ರಿಂದ 90 ಸೆಕೆಂಡು ತಣ್ಣೀರು ಹಾಕಿಕೊಂಡವರು ಕಾಯಿಲೆಗೆಂದು ರಜೆ ಹಾಕಿದ್ದು ಶೇ. 29ರಷ್ಟು ಕಡಿಮೆ. ಕಾಯಿಲೆ ಬಿದ್ದ ದಿನಗಳು ಮಾತ್ರ ಕಡಿಮೆಯಾಗಲಿಲ್ಲ. ಮೂವತ್ತಕ್ಕೂ ತೊಂಬತ್ತಕ್ಕೂ ವ್ಯತ್ಯಾಸ ಕಾಣಲಿಲ್ಲ, ಹಾಗಾಗಿ ಮೂವತ್ತೇ ಸಾಕು. ಕಾಲಿನಿಂದ ಮೇಲಕ್ಕೆ ಬನ್ನಿ. ತಲೆಗೆ ಒಮ್ಮೆಲೇ ಸುರಿದರೆ ಉಸಿರು ಥಟ್ಟನೆ ಎಳೆದುಕೊಂಡು ರಕ್ತದೊತ್ತಡ ಏರುತ್ತದೆ.

ಪ್ರಶ್ನೆ: ದಿನಾ ಅರ್ಧ ಗಂಟೆ ನಡೆಯುತ್ತೇನೆ. ಸಾಕೇ?

ಉತ್ತರ: ಬೇಕಾದ್ದರಲ್ಲಿ ಅರ್ಧ ಮಾತ್ರ ಆಯಿತು. ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಗತಿಯ ಚಟುವಟಿಕೆ ಎಂಬ ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯನ್ನು ನೀವು ಮುಟ್ಟಿದ್ದೀರಿ, ಆದರೆ ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸಲಹೆಯ ಇನ್ನೊಂದು ಭಾಗವನ್ನು ಬಹಳ ಜನ ಮರೆಯುತ್ತಾರೆ: ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ಕೆಲಸ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹತ್ತು ಸಲ, ಗೋಡೆಗೆ ಕೈಯಿಟ್ಟು ದಂಡ ಹತ್ತು ಸಲ, ಹಿಮ್ಮಡಿ ಎತ್ತಿ ಇಳಿಸುವುದು ಹದಿನೈದು ಸಲ. ಇಷ್ಟನ್ನು ಎರಡು ಸುತ್ತು. ಕುರ್ಚಿಗೆ ದೊಪ್ಪನೆ ಬೀಳದೆ ಮೂರು ಎಣಿಸುತ್ತ ಇಳಿಯಿರಿ, ಬಲ ಬರುವುದು ಅಲ್ಲಿಯೇ.

ಪ್ರಶ್ನೆ: ಜ್ವರ ಬಂದು ಒಂದು ವಾರ ಎಲ್ಲವೂ ನಿಂತಿತ್ತು. ಬಿಟ್ಟದ್ದನ್ನು ಹೇಗೆ ತುಂಬಿಕೊಳ್ಳಲಿ?

ಉತ್ತರ: ತುಂಬಿಕೊಳ್ಳಬೇಡಿ. ಜ್ವರವಿದ್ದಾಗ ವ್ಯಾಯಾಮವೂ ಇಲ್ಲ, ತಣ್ಣೀರೂ ಇಲ್ಲ. ಮಲಗಿದಲ್ಲೇ ಹತ್ತು ಉಸಿರು ಎಣಿಸಿದರೆ ಕಿರು ಅಳತೆ ಮುಗಿಯಿತು. ಜ್ವರ ಬಿಟ್ಟು ಒಂದು ಪೂರ್ತಿ ದಿನ ಕಳೆದ ಮೇಲೆ ಮೊದಲಿನ ಅರ್ಧ ಅಳತೆಯಿಂದ ಶುರುಮಾಡಿ, ಮರುದಿನ ಸುಸ್ತು ಹೆಚ್ಚಾಗದಿದ್ದರೆ ಮೂರು ದಿನಕ್ಕೊಮ್ಮೆ ಏರಿಸಿ. ಮೆಟ್ಟಿಲು ಹತ್ತುವಾಗ ಎದೆ ಹೊಡೆದುಕೊಳ್ಳುವುದು, ಎದೆನೋವು, ಉಸಿರು ಸಾಲದಿರುವುದು ಕಂಡರೆ ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿ ಹೋಗಿ.